ಹಳೆಯ ಸೈನಸ್ ತೊಂದರೆಗೆ ಚೀನೀ ವೈದ್ಯ: ಹೇಗೆ ಶುರು ಮಾಡಬೇಕು, ಎಲ್ಲಿ ನಿಲ್ಲಿಸಬೇಕು

"ವರ್ಷಗಟ್ಟಲೆಯಿಂದ ಮೂಗು ಕಟ್ಟಿಕೊಂಡೇ ಇದೆ. ಮಾತ್ರೆ ಆಯಿತು, ಸ್ಪ್ರೇ ಆಯಿತು. ಚೀನೀ ಗಿಡಮೂಲಿಕೆ, ಸೂಜಿ ಚಿಕಿತ್ಸೆ ಮಾಡಿಸಿದರೆ ವಾಸಿಯಾಗುತ್ತದೆಯೇ?" ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರಿಸುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿದ್ದೇನೆ.

ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಮೂಗಿಗೆ ಏನಾಗಿದೆ ಎಂದು ಪರೀಕ್ಷೆಯಿಂದ ಖಚಿತವಾದ ಮೇಲೆ, ಈಗಿನ ಚಿಕಿತ್ಸೆಯನ್ನು ಬಿಡದೆ, ಅದರ ಜೊತೆಗೆ ಚೀನೀ ವೈದ್ಯವನ್ನು ಇಂತಿಷ್ಟು ವಾರ ಎಂದು ಗಡುವು ಹಾಕಿಕೊಂಡು ಪ್ರಯತ್ನಿಸಬಹುದು. ಈ ಮೂರು ಷರತ್ತುಗಳಲ್ಲಿ ಒಂದು ತಪ್ಪಿದರೂ ನನ್ನ ಸಲಹೆ "ಬೇಡ" ಎಂದೇ. ಯಾಕೆ ಇಷ್ಟು ಕಟ್ಟುನಿಟ್ಟು ಎಂಬುದು ಮುಂದೆ ಓದುತ್ತಾ ಹೋದಂತೆ ತಿಳಿಯುತ್ತದೆ.

ಹಂತ 1: ಇದು ಸೈನಸ್ಸೇ ಹೌದಾ, ಮೊದಲು ನೋಡಿ

ಸೈನಸ್ ಎಂದರೆ ಮುಖದ ಮೂಳೆಗಳೊಳಗಿನ ಗಾಳಿ ತುಂಬಿದ ಪೊಳ್ಳು. ಹಣೆಯಲ್ಲಿ, ಕೆನ್ನೆಯಲ್ಲಿ, ಎರಡು ಕಣ್ಣುಗಳ ನಡುವೆ, ಮೂಗಿನ ತೀರಾ ಹಿಂಭಾಗದಲ್ಲಿ ಹೀಗೆ ಒಟ್ಟು ನಾಲ್ಕು ಜೋಡಿ ಇವೆ. ಇವುಗಳ ಒಳಪದರ ಸದಾ ತೆಳುವಾದ ಲೋಳೆಯನ್ನು ಸ್ರವಿಸುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ರೋಮಗಳು ಆ ಲೋಳೆಯನ್ನು ಕಿರಿದಾದ ಕಿಂಡಿಗಳ ಮೂಲಕ ಮೂಗಿಗೆ ತಳ್ಳುತ್ತವೆ. ಕೆನ್ನೆಯ ಸೈನಸ್ಸಿನ ಕಿಂಡಿ ಇರುವುದು ತಳದಲ್ಲಲ್ಲ, ಮೇಲ್ಭಾಗದಲ್ಲಿ. ಅಂದರೆ ಲೋಳೆ ಮೇಲಕ್ಕೆ ಹತ್ತಿ ಹೊರಬರಬೇಕು. ಪದರ ಊದಿಕೊಂಡು ಕಿಂಡಿ ಮುಚ್ಚಿತೆಂದರೆ ಒಳಗಿದ್ದದ್ದು ಒಳಗೇ ಉಳಿಯುತ್ತದೆ.

ಈ ಊತ 12 ವಾರ ಅಥವಾ ಅದಕ್ಕಿಂತ ಹೆಚ್ಚು ಕಾಲ ಉಳಿದರೆ ಅದನ್ನು ದೀರ್ಘಕಾಲದ ಸೈನಸೈಟಿಸ್ ಎನ್ನುತ್ತಾರೆ. ನೋಡಬೇಕಾದ ಲಕ್ಷಣಗಳು ನಾಲ್ಕು: ಮೂಗು ಕಟ್ಟುವುದು, ಸಿಂಬಳ ಮುಂದಕ್ಕೆ ಸುರಿಯುವುದು ಅಥವಾ ಗಂಟಲಿನ ಹಿಂದಕ್ಕೆ ಇಳಿಯುವುದು, ಮುಖದಲ್ಲಿ ನೋವು ಅಥವಾ ಒತ್ತಡ, ವಾಸನೆ ಗೊತ್ತಾಗದಿರುವುದು. ಇವುಗಳಲ್ಲಿ ಕನಿಷ್ಠ ಎರಡು ಇರಬೇಕು, ಮೊದಲ ಎರಡರಲ್ಲಿ ಒಂದಾದರೂ ಇರಲೇಬೇಕು. ಜೊತೆಗೆ ಎಂಡೋಸ್ಕೋಪಿಯಲ್ಲೋ (ಮೂಗಿನೊಳಗೆ ತೆಳುವಾದ ಕ್ಯಾಮೆರಾ ನಳಿಕೆ ಇಟ್ಟು ನೋಡುವ ಪರೀಕ್ಷೆ) ಸಿಟಿ ಸ್ಕ್ಯಾನಿನಲ್ಲೋ ಊತ ಕಾಣಿಸಬೇಕು.

ಬಹಳ ಜನ ಎಡವುವುದು ಇಲ್ಲೇ. ಹಣೆ ಸಿಡಿಯುತ್ತದೆ, ಬಗ್ಗಿದರೆ ನೋವು ಹೆಚ್ಚುತ್ತದೆ ಎಂದಮಾತ್ರಕ್ಕೆ ಅದು ಸೈನಸ್ ಅಲ್ಲ. "ಸೈನಸ್ ತಲೆನೋವು" ಎಂದು ಜನ ಹೇಳಿಕೊಳ್ಳುವ ಎಷ್ಟೋ ತಲೆನೋವುಗಳು ಪರೀಕ್ಷೆ ಮಾಡಿದಾಗ ಮೈಗ್ರೇನ್ ಆಗಿರುತ್ತವೆ. ಮೈಗ್ರೇನ್ ಬಂದಾಗಲೂ ಮೂಗು ಕಟ್ಟಬಹುದು, ಕಣ್ಣಲ್ಲಿ ನೀರು ಬರಬಹುದು. ಸಿಂಬಳವೂ ಇಲ್ಲದೆ, ಮೂಗೂ ಕಟ್ಟದೆ ಬರೀ ನೋವಿದ್ದರೆ ಮೂಗಿನ ಗಿಡಮೂಲಿಕೆ ಹುಡುಕುತ್ತಾ ಸಮಯ ಕಳೆಯಬೇಡಿ.

ಇನ್ನು ತೊಂದರೆ ಒಂದೇ ಬದಿಯಲ್ಲಿದ್ದರೆ ಕಿವಿ-ಮೂಗು-ಗಂಟಲು ತಜ್ಞರನ್ನು ಕಾಣಲೇಬೇಕು. ಮೇಲ್ದವಡೆಯ ಹಲ್ಲಿನ ಬೇರಿನ ಸೋಂಕು ಕೆನ್ನೆಯ ಸೈನಸ್ಸಿಗೆ ಹರಡಿರಬಹುದು. ಶಿಲೀಂಧ್ರದ ಉಂಡೆ ಕಟ್ಟಿರಬಹುದು. ಅಪರೂಪಕ್ಕೆ ಗೆಡ್ಡೆಯೂ ಇರಬಹುದು. ಇವು ಯಾವುವೂ ಕಷಾಯಕ್ಕೆ ಬಗ್ಗುವಂಥವಲ್ಲ.

ಈ ಕೆಳಗಿನವುಗಳಲ್ಲಿ ಯಾವುದಾದರೂ ಇದ್ದರೆ ಈ ಲೇಖನ ಪಕ್ಕಕ್ಕಿಟ್ಟು ಇವತ್ತೇ ಆಸ್ಪತ್ರೆಗೆ ಹೋಗಿ:

- ಕಣ್ಣಿನ ಸುತ್ತ ಊತ ಅಥವಾ ಕೆಂಪು, ಎರಡೆರಡಾಗಿ ಕಾಣುವುದು, ದೃಷ್ಟಿ ಮಂಜಾಗುವುದು
- ಹಣೆ ಊದಿಕೊಳ್ಳುವುದು
- ತೀವ್ರ ತಲೆನೋವಿನ ಜೊತೆ ಜ್ವರ, ಕುತ್ತಿಗೆ ಬಿಗಿತ, ಮಂಪರು

ಬಗ್ಗಿದಾಗ ಒಂದೇ ಹೊಳ್ಳೆಯಿಂದ ನೀರಿನಂಥ, ಉಪ್ಪುಪ್ಪಾದ ದ್ರವ ತೊಟ್ಟಿಕ್ಕುತ್ತಿದ್ದರೆ ಅದು ಸಿಂಬಳವಾಗಿರದೆ ಮಿದುಳಿನ ಸುತ್ತಲಿನ ದ್ರವ ಸೋರುತ್ತಿರಬಹುದು. ಒಂದೇ ಬದಿಯಲ್ಲಿ ರಕ್ತ ಬೆರೆತ ಸಿಂಬಳ ಬರುತ್ತಿದ್ದರೂ ತಡಮಾಡಬೇಡಿ.

ಪರೀಕ್ಷೆ ಮಾಡಿಸುವಾಗ ಒಂದು ಪ್ರಶ್ನೆ ಮರೆಯದೆ ಕೇಳಿ: "ನನಗೆ ಪಾಲಿಪ್ ಇದೆಯೇ?" ಪಾಲಿಪ್ ಎಂದರೆ ಊದಿದ ಒಳಪದರ ಸಣ್ಣ ದ್ರಾಕ್ಷಿಯಂತೆ ಜೋತುಬೀಳುವುದು. ಅದಿದ್ದರೆ ಚಿಕಿತ್ಸೆಯ ದಾರಿಯೇ ಬೇರೆಯಾಗುತ್ತದೆ. ಪಾಲಿಪ್ ಜೊತೆಗೆ ಆಸ್ತಮಾವೂ ಇದ್ದು, ಆಸ್ಪಿರಿನ್ ನುಂಗಿದಾಗ ಉಸಿರು ಕಟ್ಟಿದ ಅನುಭವ ಆಗಿದ್ದರೆ ಅದನ್ನು ತಪ್ಪದೆ ಹೇಳಿ. ಈ ಮೂರೂ ಸೇರಿದರೆ ಅದೊಂದು ಪ್ರತ್ಯೇಕ ಕಾಯಿಲೆ.

ಹಂತ 2: ಬುನಾದಿ ಬಿಡಬೇಡಿ

ಚೀನೀ ಔಷಧಿ ಶುರುವಾದ ದಿನವೇ ಮೂಗಿನ ಸ್ಪ್ರೇ ಕಸದ ಬುಟ್ಟಿ ಸೇರುವುದನ್ನು ಕಾಣುತ್ತೇವೆ. ದಯವಿಟ್ಟು ಹಾಗೆ ಮಾಡಬೇಡಿ. ಈ ಕಾಯಿಲೆಗೆ ಗಟ್ಟಿ ಆಧಾರವಿರುವ ಮೊದಲ ಚಿಕಿತ್ಸೆಗಳು ಎರಡೇ: ಉಪ್ಪುನೀರಿನಿಂದ ಮೂಗು ತೊಳೆಯುವುದು ಮತ್ತು ಸ್ಟೀರಾಯ್ಡ್ ಸ್ಪ್ರೇ. ಇವು ಕೆಲಸ ಮಾಡಲಿಲ್ಲ ಎನ್ನುವ ಬಹಳಷ್ಟು ಮಂದಿ ಇವನ್ನು ಸರಿಯಾಗಿ ಬಳಸಿಯೇ ಇರುವುದಿಲ್ಲ.

ತೊಳೆಯುವ ನೀರಿಗೆ: ಅಯೋಡಿನ್ ಸೇರಿಸದ ಉಪ್ಪು ಮೂರು ಟೀ ಚಮಚ, ಅಡುಗೆ ಸೋಡ ಒಂದು ಟೀ ಚಮಚ ಬೆರೆಸಿ ಒಣ ಡಬ್ಬಿಯಲ್ಲಿಟ್ಟುಕೊಳ್ಳಿ. 240 ಮಿಲೀ ನೀರಿಗೆ ಈ ಮಿಶ್ರಣದ ಒಂದು ಟೀ ಚಮಚ ಸಾಕು. ಉರಿಯೆನಿಸಿದರೆ ಮಿಶ್ರಣ ಸ್ವಲ್ಪ ಕಡಿಮೆ ಮಾಡಿ. ನೀರು ಮಾತ್ರ ನಲ್ಲಿಯಿಂದ ನೇರವಾಗಿ ಬೇಡವೇ ಬೇಡ. ಒಂದು ನಿಮಿಷ ಚೆನ್ನಾಗಿ ಕುದಿಸಿ (2000 ಮೀಟರಿಗಿಂತ ಎತ್ತರದ ಜಾಗದಲ್ಲಿದ್ದರೆ ಮೂರು ನಿಮಿಷ), ಉಗುರು ಬೆಚ್ಚಗಾಗಲು ಬಿಟ್ಟು ಬಳಸಿ. 2011ರಲ್ಲಿ ಅಮೆರಿಕದ ಲೂಯಿಸಿಯಾನದಲ್ಲಿ ನಲ್ಲಿ ನೀರಿನಿಂದ ಮೂಗು ತೊಳೆದುಕೊಂಡ ಇಬ್ಬರು ಮಿದುಳಿಗೆ ಹೋಗುವ ಅಮೀಬಾ ಸೋಂಕಿನಿಂದ ತೀರಿಕೊಂಡರು. ಆ ಅಮೀಬಾ ಇರುವ ನೀರನ್ನು ಕುಡಿದರೆ ಈ ಸೋಂಕು ಬರುವುದಿಲ್ಲ, ಮೂಗಿಗೆ ಏರಿದರೆ ಬರುತ್ತದೆ.

ಸ್ಪ್ರೇ ಹಾಕುವಾಗ ತಲೆ ಸ್ವಲ್ಪ ಮುಂದಕ್ಕೆ ಬಾಗಿರಲಿ. ಬಲ ಹೊಳ್ಳೆಗೆ ಎಡಗೈ, ಎಡ ಹೊಳ್ಳೆಗೆ ಬಲಗೈ ಬಳಸಿ, ತುದಿ ಮೂಗಿನ ನಡುಗೋಡೆಯತ್ತ ಇರದೆ ಹೊರಗೋಡೆಯತ್ತ ಇರಲಿ. ಜೋರಾಗಿ ಎಳೆದುಕೊಂಡರೆ ಔಷಧಿ ಗಂಟಲಿಗಿಳಿದು ವ್ಯರ್ಥವಾಗುತ್ತದೆ. ತೊಳೆದ ಮೇಲೆ ಸ್ಪ್ರೇ, ಸ್ಪ್ರೇ ಆದಮೇಲೆ ತೊಳೆಯುವುದಲ್ಲ. ಪರಿಣಾಮ ಕಾಣಲು ವಾರಗಳೇ ಬೇಕು. ಐದನೇ ದಿನಕ್ಕೆ ಕೈಬಿಟ್ಟವರು ಅದನ್ನು ಬಳಸಿದಂತೆಯೇ ಅಲ್ಲ.

ಹಾಕಿದ ಕೂಡಲೇ ಮೂಗು ತೆರೆಯುವ ಸ್ಪ್ರೇಗಳು ಬೇರೆ ಜಾತಿ. ಅವನ್ನು ಐದು ದಿನಕ್ಕಿಂತ ಹೆಚ್ಚು ಬಳಸಿದರೆ ಬಿಟ್ಟಾಗಲೆಲ್ಲ ಮೂಗು ಇನ್ನಷ್ಟು ಕಟ್ಟುತ್ತದೆ. ನೀವು ಈಗಾಗಲೇ ಆ ಸುಳಿಯಲ್ಲಿದ್ದರೆ ಮೊದಲು ಅದರಿಂದ ಹೊರಬನ್ನಿ. ಇಲ್ಲದಿದ್ದರೆ ಯಾವ ಔಷಧಿಯೂ ಫಲಿಸಿದಂತೆ ಕಾಣುವುದಿಲ್ಲ.

ಹಂತ 3: ಶುರುವಿಗೆ ಮುಂಚೆ ಅಂಕ ಬರೆದಿಡಿ

ಒಂದು ನೋಟುಬುಕ್ಕು ಸಾಕು. ಎರಡು ವಾರ ಪ್ರತಿದಿನ ಮಲಗುವ ಮುಂಚೆ ನಾಲ್ಕು ಸಂಗತಿಗಳಿಗೆ 0ಯಿಂದ 10ರವರೆಗೆ ಅಂಕ ಕೊಡಿ: ಮೂಗು ಕಟ್ಟಿದ್ದು, ಸಿಂಬಳ, ಮುಖದ ನೋವು, ವಾಸನೆ ಗೊತ್ತಾಗದಿರುವುದು. ನಿದ್ದೆ ಕೆಟ್ಟಿತೇ ಎಂಬುದನ್ನೂ ಒಂದು ಸಾಲಿನಲ್ಲಿ ಬರೆಯಿರಿ. ಒಟ್ಟಾರೆ ತೊಂದರೆ 3ರ ಒಳಗಿದ್ದರೆ ಸೌಮ್ಯ, 7ರವರೆಗೆ ಮಧ್ಯಮ, ಅದಕ್ಕೂ ಮೇಲಿದ್ದರೆ ತೀವ್ರ ಎಂದು ವೈದ್ಯರು ಲೆಕ್ಕ ಹಾಕುತ್ತಾರೆ.

ಸೈನಸ್ ತೊಂದರೆ ತಾನಾಗಿಯೇ ಏರಿಳಿಯುವಂಥದ್ದು. ಜನ ಹೊಸ ಚಿಕಿತ್ಸೆಗೆ ಹೋಗುವುದು ಅದು ತೀರಾ ಏರಿದಾಗ. ಅಲ್ಲಿಂದ ಅದು ಇಳಿಯಲೇಬೇಕು, ಏನು ಕುಡಿದರೂ ಕುಡಿಯದಿದ್ದರೂ. ಬರೆದಿಟ್ಟ ಅಂಕವಿಲ್ಲದಿದ್ದರೆ ಆ ಇಳಿತವನ್ನೇ ಔಷಧಿಯ ಗುಣ ಎಂದು ನಂಬಿಬಿಡುತ್ತೇವೆ.

ಇದೇ ಎರಡು ವಾರದಲ್ಲಿ ಯಕೃತ್ತು ಮತ್ತು ಮೂತ್ರಪಿಂಡದ ರಕ್ತಪರೀಕ್ಷೆಯನ್ನೂ ಮಾಡಿಸಿಟ್ಟುಕೊಳ್ಳಿ. ಅದು ಯಾಕೆ ಎಂಬುದು ಆರನೇ ಹಂತದಲ್ಲಿದೆ.

ಹಂತ 4: ಚೀನೀ ವೈದ್ಯರು ನಿಮ್ಮ ಮೂಗನ್ನು ನೋಡುವ ಬಗೆ ತಿಳಿದುಕೊಳ್ಳಿ

ಚೀನಾದ ಪ್ರಾಚೀನ ವೈದ್ಯಗ್ರಂಥ ಹುವಾಂಗ್‌ದಿ ನೈಜಿಂಗ್‌ನಲ್ಲಿ ಈ ತೊಂದರೆಗೆ "ಬಿ ಯುವಾನ್" ಎಂಬ ಹೆಸರಿದೆ. ಬಿ ಎಂದರೆ ಮೂಗು, ಯುವಾನ್ ಎಂದರೆ ಆಳವಾದ ಮಡು. ಕದಡಿದ ಸಿಂಬಳ ನಿಲ್ಲದೆ ಸುರಿಯುವುದೇ ಬಿ ಯುವಾನ್ ಎಂದು ಅಲ್ಲಿ ವಿವರಿಸಲಾಗಿದೆ. ಪಿತ್ತಕೋಶದ ಕಾವು ಮಿದುಳಿಗೆ ಏರಿದ್ದರಿಂದ ಹೀಗಾಗುತ್ತದೆ ಎಂಬುದು ಅಂದಿನ ತಿಳಿವಳಿಕೆ. ಸೀನು, ತುರಿಕೆ, ನೀರಿನಂಥ ಸಿಂಬಳ ಹೆಚ್ಚಿರುವ ಅಲರ್ಜಿ ಮೂಗಿಗೆ "ಬಿ ಚಿಯು" ಎಂಬ ಬೇರೆ ಹೆಸರೇ ಇದೆ.

ವೈದ್ಯರು ನಾಲಿಗೆ ನೋಡುತ್ತಾರೆ, ಎರಡೂ ಕೈಗಳ ನಾಡಿ ಹಿಡಿಯುತ್ತಾರೆ, ನಿದ್ದೆ, ಹಸಿವು, ಮಲವಿಸರ್ಜನೆ, ಬೆವರು ಎಲ್ಲವನ್ನೂ ಕೇಳುತ್ತಾರೆ. ಬಳಿಕ ನಿಮ್ಮನ್ನೊಂದು "ಝೆಂಗ್"ಗೆ ಸೇರಿಸುತ್ತಾರೆ. ಝೆಂಗ್ ಎಂದರೆ ಲಕ್ಷಣಗಳ ಒಟ್ಟು ಮಾದರಿ. ಸಿಂಬಳ ದಪ್ಪಗೆ, ಹಳದಿ-ಹಸಿರು, ಬಾಯಿ ಕಹಿ, ತಲೆಸಿಡಿತ, ಸಿಡುಕು ಇದ್ದರೆ ಪಿತ್ತಕೋಶದ ಕಾವು. ತಲೆ ಭಾರ, ಹೊಟ್ಟೆ ಉಬ್ಬರ, ಸಿಂಬಳ ಹೇರಳವಾಗಿದ್ದರೆ ಗುಲ್ಮದಲ್ಲಿ ತೇವ ಮತ್ತು ಕಾವು. ಬಿಳಿ ತೆಳು ಸಿಂಬಳ, ತಣ್ಣನೆ ಗಾಳಿ ಸೋಕಿದರೆ ಉಲ್ಬಣ ಎಂದಾದರೆ ಶ್ವಾಸಕೋಶದ "ಚಿ" ಕುಗ್ಗಿ ಶೀತ ಹೊಕ್ಕಿದೆ ಎನ್ನುತ್ತಾರೆ. ಚಿ ಎಂದರೆ ಅವರ ಶಾಸ್ತ್ರದಲ್ಲಿ ಮೈಯಲ್ಲಿ ಹರಿಯುವ ಚೈತನ್ಯ. ಬಿಳಿ ಅಂಟು ಸಿಂಬಳ, ಸುಸ್ತು, ಹಸಿವಿಲ್ಲದಿರುವುದು, ಸಡಿಲ ಮಲ ಇದ್ದರೆ ಗುಲ್ಮದ ಚಿ ಕುಗ್ಗಿದೆ ಎಂದು ಲೆಕ್ಕ.

ಇಲ್ಲಿ ಎರಡು ಎಚ್ಚರಿಕೆ. ಒಂದು, ಈ ಶಾಸ್ತ್ರದ ಪಿತ್ತಕೋಶ, ಗುಲ್ಮ, ಶ್ವಾಸಕೋಶಗಳು ಅಂಗರಚನೆಯ ಪುಸ್ತಕದಲ್ಲಿರುವ ಅಂಗಗಳಲ್ಲ. ಅವು ಮೈಯ ಕೆಲಸಗಳನ್ನು ಗುಂಪು ಮಾಡಿ ಇಟ್ಟ ಹೆಸರುಗಳು. "ನಿಮ್ಮ ಪಿತ್ತಕೋಶ ಕಾದಿದೆ" ಎಂದರೆ ಗಾಬರಿಯಾಗಿ ಹೊಟ್ಟೆಯ ಸ್ಕ್ಯಾನಿಗೆ ಓಡುವುದು ಬೇಕಿಲ್ಲ. ಎರಡು, ಒಂದೇ ಕಾಯಿಲೆಯ ಇಬ್ಬರಿಗೆ ಬೇರೆ ಬೇರೆ ಮೂಲಿಕೆ ಕೊಡುವುದೇ ಈ ಪದ್ಧತಿಯ ತಿರುಳು. ಹಾಗಾಗಿ ಗೆಳೆಯರಿಗೆ ಹಿಡಿಸಿದ ಪುಡಿಯನ್ನು ತರಿಸಿಕೊಂಡು ಕುಡಿಯುವುದು ಆಧುನಿಕ ವೈದ್ಯಕ್ಕೂ ಒಪ್ಪದು, ಚೀನೀ ವೈದ್ಯಕ್ಕೂ ಒಪ್ಪದು.

ಪುರಾವೆಯ ವಿಷಯಕ್ಕೆ ಬಂದರೆ, ಇದನ್ನು ಮುಚ್ಚಿಟ್ಟು ಮುಂದೆ ಹೋಗುವುದು ನಿಮಗೆ ಮಾಡುವ ಅನ್ಯಾಯ. 2020ರ ಯುರೋಪಿನ ಸೈನಸೈಟಿಸ್ ಮಾರ್ಗಸೂಚಿಯ ಪ್ರಕಾರ, ದೀರ್ಘಕಾಲದ ಸೈನಸೈಟಿಸ್‌ನಲ್ಲಿ ಚೀನೀ ಔಷಧಿಯಾಗಲಿ ಆಕ್ಯುಪಂಕ್ಚರ್ (ಸೂಜಿ ಚಿಕಿತ್ಸೆ) ಆಗಲಿ ಹುಸಿ ಚಿಕಿತ್ಸೆಗಿಂತ (ಹೋಲಿಕೆಗಾಗಿ ಕೊಡುವ, ನಿಜವಾದ ಔಷಧಿಯಿಲ್ಲದ ಚಿಕಿತ್ಸೆ) ಮೇಲು ಎನ್ನಲು ಪುರಾವೆ ಸಿಕ್ಕಿಲ್ಲ. ಅಲರ್ಜಿ ಮೂಗಿನ ಮಟ್ಟಿಗೆ ಚಿತ್ರ ಸ್ವಲ್ಪ ಬೇರೆ. ಅಮೆರಿಕದ ಕಿವಿ-ಮೂಗು-ಗಂಟಲು ತಜ್ಞರ ಅಕಾಡೆಮಿ 2015ರ ಮಾರ್ಗಸೂಚಿಯಲ್ಲಿ, ಬಯಸುವ ರೋಗಿಗಳಿಗೆ ಆಕ್ಯುಪಂಕ್ಚರನ್ನು ಒಂದು ಆಯ್ಕೆಯಾಗಿ ಸೂಚಿಸಬಹುದು ಎಂದಿದೆ. ಗಿಡಮೂಲಿಕೆಗಳ ಬಗ್ಗೆ ಪರವಾಗಿಯೂ ಹೇಳಿಲ್ಲ, ವಿರೋಧವಾಗಿಯೂ ಹೇಳಿಲ್ಲ. ಜರ್ಮನಿಯಲ್ಲಿ 422 ಅಲರ್ಜಿ ರೋಗಿಗಳ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಎಂಟು ವಾರದ ಹೊತ್ತಿಗೆ ಸೂಜಿ ಚಿಕಿತ್ಸೆ ಪಡೆದವರಿಗೆ ಸ್ವಲ್ಪ ಸುಧಾರಣೆ ಕಂಡಿತು, ಹದಿನಾರನೇ ವಾರಕ್ಕೆ ಆ ವ್ಯತ್ಯಾಸ ಉಳಿಯಲಿಲ್ಲ. ಆದ್ದರಿಂದ ನಿಮ್ಮ ತೊಂದರೆಯಲ್ಲಿ ಅಲರ್ಜಿಯ ಪಾಲು ಹೆಚ್ಚಿದ್ದರೆ ಸ್ವಲ್ಪ ಆಸೆ ಇಟ್ಟುಕೊಳ್ಳಿ. ದೊಡ್ಡ ಪಾಲಿಪ್ ಇದ್ದರೆ ಅಷ್ಟೂ ಬೇಡ.

ಹಂತ 5: ವೈದ್ಯರನ್ನು ಆರಿಸಿ, ಎಲ್ಲವನ್ನೂ ಹೇಳಿ

ಚೀನಾ, ಹಾಂಗ್‌ಕಾಂಗ್, ಸಿಂಗಪುರ, ಆಸ್ಟ್ರೇಲಿಯಾಗಳಲ್ಲಿ ಚೀನೀ ವೈದ್ಯರಿಗೆ ಸರಕಾರಿ ನೋಂದಣಿ ಇದೆ. ನೀವಿರುವ ದೇಶದಲ್ಲಿ ಅಂಥ ಪಟ್ಟಿ ಇದ್ದರೆ ಹೆಸರು ಹುಡುಕಿ ನೋಡಿ. ಇಲ್ಲದಿದ್ದರೆ ಎಲ್ಲಿ ಓದಿದರು, ಎಷ್ಟು ವರ್ಷದ ಕೋರ್ಸು, ಮೂಲಿಕೆ ಮತ್ತು ಸೂಜಿ ಎರಡರಲ್ಲೂ ತರಬೇತಿ ಆಗಿದೆಯೇ ಎಂದು ನೇರವಾಗಿ ಕೇಳಿ. ವಾರಾಂತ್ಯದ ಶಿಬಿರದಲ್ಲಿ ಸೂಜಿ ಕಲಿತವರಿಗೂ ಐದು ವರ್ಷ ಓದಿದವರಿಗೂ ವ್ಯತ್ಯಾಸವಿದೆ.

ಜೊತೆಯಲ್ಲಿ ಒಯ್ಯಬೇಕಾದ್ದು: ಸ್ಕ್ಯಾನ್ ಅಥವಾ ಎಂಡೋಸ್ಕೋಪಿ ವರದಿ, ಈಗ ತೆಗೆದುಕೊಳ್ಳುತ್ತಿರುವ ಎಲ್ಲ ಔಷಧಿಗಳ ಪಟ್ಟಿ, ಅಲರ್ಜಿಗಳು, ನಿಮ್ಮ ಅಂಕದ ನೋಟುಬುಕ್ಕು. ರಕ್ತ ತೆಳುವಾಗಿಸುವ ಮಾತ್ರೆ, ರಕ್ತದೊತ್ತಡದ ಮಾತ್ರೆ, ಗರ್ಭ, ಹಾಲೂಡಿಸುವಿಕೆ, ಯಕೃತ್ತಿನ ಅಥವಾ ಮೂತ್ರಪಿಂಡದ ಹಳೆಯ ಕಾಯಿಲೆ ಇವನ್ನು ಅವರು ಕೇಳದಿದ್ದರೂ ನೀವೇ ಹೇಳಿ.

"ಸ್ಪ್ರೇ ನಿಲ್ಲಿಸಿ, ಆಮೇಲೆ ನನ್ನ ಔಷಧಿ" ಎನ್ನುವವರಿಂದ ಎದ್ದು ಬನ್ನಿ. ಪುಡಿಯಲ್ಲಿ ಏನಿದೆ ಎಂದರೆ "ಅದು ನಮ್ಮ ಮನೆತನದ ಗುಟ್ಟು" ಎನ್ನುವವರಿಂದಲೂ ಅಷ್ಟೇ. ಆಪರೇಶನ್ನೇ ಬೇಡದಂತೆ ಬೇರುಸಹಿತ ಗುಣ ಮಾಡುತ್ತೇನೆ ಎಂಬ ಭರವಸೆಗೂ ಇದೇ ಉತ್ತರ.

ಹಂತ 6: ಮೂಲಿಕೆಗಳು

ಅಪಾಯವೆಲ್ಲ ಹೆಚ್ಚಾಗಿ ಇರುವುದು ಈ ಹಂತದಲ್ಲಿ, ಹಾಗಾಗಿ ಸ್ವಲ್ಪ ನಿಂತು ಓದಿ.

ಮೂಗಿಗೆ ಚೀನೀ ವೈದ್ಯರು ಬಹಳವಾಗಿ ಆಶ್ರಯಿಸುವ ಯೋಗ (ಹಲವು ಮೂಲಿಕೆಗಳ ಮಿಶ್ರಣ) ಎಂದರೆ "ತ್ಸಾಂಗ್ ಅರ್ ಝಿ ಸಾನ್". ಚೀನಾದ ಸೋಂಗ್ ರಾಜವಂಶದ ಕಾಲದ ವೈದ್ಯ ಯಾನ್ ಯೊಂಗ್‌ಹೆ 13ನೇ ಶತಮಾನದಲ್ಲಿ ದಾಖಲಿಸಿದ್ದು. ಇದರಲ್ಲಿ ನಾಲ್ಕೇ ವಸ್ತು: ಮ್ಯಾಗ್ನೋಲಿಯಾ ಮರದ ಮೊಗ್ಗು (ಶಿನ್ ಯಿ), ಕ್ಸಾಂಥಿಯಂ ಗಿಡದ ಮುಳ್ಳುಕಾಯಿ (ತ್ಸಾಂಗ್ ಅರ್ ಝಿ), ಏಂಜೆಲಿಕಾ ಜಾತಿಯ ಒಂದು ಬೇರು (ಬಾಯ್ ಝಿ), ಪುದೀನ ಜಾತಿಯ ಎಲೆ (ಬೋ ಹ). ಇದನ್ನು ತಳಹದಿಯಾಗಿಟ್ಟುಕೊಂಡು ಝೆಂಗ್‌ಗೆ ತಕ್ಕಂತೆ ಬೇರೆ ಮೂಲಿಕೆ ಸೇರಿಸುತ್ತಾರೆ. ಅಂಗಡಿಯಲ್ಲಿ ಸಿಗುವ ಮೂಗಿನ ಚೀನೀ ಮಾತ್ರೆಗಳಲ್ಲಿಯೂ ಮ್ಯಾಗ್ನೋಲಿಯಾ ಮೊಗ್ಗು ಮತ್ತು ಮುಳ್ಳುಕಾಯಿ ಸಾಮಾನ್ಯ.

ಆ ಮುಳ್ಳುಕಾಯಿಯ ಬಗ್ಗೆ ತಿಳಿದಿರಲೇಬೇಕು. ದಾರಿ ಬದಿಯಲ್ಲಿ ಬಟ್ಟೆಗೆ, ದನದ ಬಾಲಕ್ಕೆ ಅಂಟಿಕೊಳ್ಳುವ ಕಾಯಿಯೇ ಅದು. ಹಸಿಯಾಗಿ ಅದು ವಿಷ. ಅದರಲ್ಲಿರುವ ಕಾರ್ಬಾಕ್ಸಿಅಟ್ರಾಕ್ಟಿಲೋಸೈಡ್ ಎಂಬ ವಸ್ತು ಯಕೃತ್ತನ್ನು ಹಾಳುಮಾಡುತ್ತದೆ. 2007ರಲ್ಲಿ ಬಾಂಗ್ಲಾದೇಶದ ಈಶಾನ್ಯ ಭಾಗದಲ್ಲಿ ಆಹಾರದ ಅಭಾವದ ದಿನಗಳಲ್ಲಿ ಈ ಗಿಡದ ಎಳೆ ಮೊಳಕೆಗಳನ್ನು ಸೊಪ್ಪಿನಂತೆ ತಿಂದ 76 ಜನ ಕಾಯಿಲೆ ಬಿದ್ದು 19 ಮಂದಿ ಸತ್ತರು. ಚೀನಾದ ಅಧಿಕೃತ ಔಷಧಕೋಶವೂ ಇದನ್ನು "ವಿಷಕಾರಿ" ಎಂದೇ ಗುರುತಿಸಿ, ದಿನಕ್ಕೆ 3ರಿಂದ 10 ಗ್ರಾಂ ಮಿತಿ ಹಾಕಿದೆ. ಹುರಿದು ಮುಳ್ಳು ತೆಗೆದದ್ದನ್ನೇ ಬಳಸುತ್ತಾರೆ, ಹುರಿದಾಗ ವಿಷ ಕಡಿಮೆಯಾಗುತ್ತದೆ. ಹೀಗಾಗಿ: ನೀವೇ ಕಿತ್ತು ತಂದು ಕುದಿಸಬೇಡಿ. ತಿಂಗಳುಗಟ್ಟಲೆ ಮುಂದುವರಿಸಬೇಡಿ. ಮಕ್ಕಳಿಗೆ, ಗರ್ಭಿಣಿಯರಿಗೆ, ಯಕೃತ್ತು ಸರಿಯಿಲ್ಲದವರಿಗೆ ಬೇಡ. ಪಾರ್ಥೇನಿಯಂ ಪರಾಗಕ್ಕೆ ಅಲರ್ಜಿ ಇರುವವರೂ ಎಚ್ಚರವಾಗಿರಿ, ಎರಡೂ ಒಂದೇ ಸಸ್ಯಕುಟುಂಬದವು. ನನ್ನನ್ನು ಕೇಳಿದರೆ "ತ್ಸಾಂಗ್ ಅರ್ ಝಿ ಇಲ್ಲದೆ ಯೋಗ ಮಾಡಿಕೊಡಲು ಆಗುತ್ತದೆಯೇ?" ಎಂದು ವೈದ್ಯರನ್ನು ಕೇಳುವುದು ಒಳ್ಳೆಯದು. ಮೂಗಿಗೆ ಬೇರೆ ಮೂಲಿಕೆಗಳೂ ಅವರ ಕೈಯಲ್ಲಿವೆ.

ಇನ್ನೊಂದು ದೊಡ್ಡ ಅಪಾಯ ಅರಿಸ್ಟೋಲೋಕಿಕ್ ಆಮ್ಲ. ಕೆಲವು ಬಳ್ಳಿಗಳಲ್ಲಿರುವ ಇದು ಮೂತ್ರಪಿಂಡವನ್ನು ಶಾಶ್ವತವಾಗಿ ಕೆಡಿಸುತ್ತದೆ, ಮೂತ್ರನಾಳದ ಕ್ಯಾನ್ಸರ್ ತರುತ್ತದೆ. ಬೆಲ್ಜಿಯಂನ ಒಂದು ತೂಕ ಇಳಿಸುವ ಕ್ಲಿನಿಕ್ಕಿನಲ್ಲಿ "ಫಾಂಗ್ ಜಿ" ಎಂಬ ಮೂಲಿಕೆಯ ಬದಲು ಹೆಸರಿನ ಗೊಂದಲದಿಂದ "ಗುವಾಂಗ್ ಫಾಂಗ್ ಜಿ" ಸೇರಿಹೋಗಿ ನೂರಕ್ಕೂ ಹೆಚ್ಚು ಜನರ ಮೂತ್ರಪಿಂಡ ಹಾಳಾಯಿತು. ಇದು ಮೊದಲು ವರದಿಯಾದದ್ದು 1993ರಲ್ಲಿ. ಸೈನಸ್ ರೋಗಿಗಳಿಗೆ ಇದು ದೂರದ ಕಥೆಯಲ್ಲ. "ಪಿತ್ತಕೋಶದ ಕಾವು" ಎಂದವರಿಗೆ ಕೊಡುವ "ಲೊಂಗ್ ದಾನ್ ಶಿಯೆ ಗಾನ್" ಎಂಬ ಪ್ರಸಿದ್ಧ ಗುಳಿಗೆಯಲ್ಲಿ ಹಿಂದೆ "ಗುವಾನ್ ಮು ತೊಂಗ್" ಎಂಬ ಇದೇ ಆಮ್ಲವಿರುವ ಬಳ್ಳಿ ಸೇರುತ್ತಿತ್ತು. ಮೂತ್ರಪಿಂಡ ಕೆಟ್ಟ ಪ್ರಕರಣಗಳ ನಂತರ 2003ರಲ್ಲಿ ಚೀನಾ ಅದರ ಬಳಕೆಯನ್ನು ರದ್ದುಮಾಡಿ, ಆ ಆಮ್ಲವಿಲ್ಲದ ಬೇರೆ ಜಾತಿಯ ಮು ತೊಂಗ್ ಬಳಸಬೇಕೆಂದು ಆದೇಶಿಸಿತು. ಈ ಗುಳಿಗೆ ಬರೆದುಕೊಟ್ಟರೆ ಯಾವ ಮು ತೊಂಗ್ ಎಂದು ಸಸ್ಯಶಾಸ್ತ್ರದ ಹೆಸರು ಸಹಿತ ಕೇಳಿ. ಶೀತ ಮಾದರಿಗೆ ಸೇರಿಸುವ "ಶಿ ಶಿನ್" ಕೂಡ ಇದೇ ಕುಟುಂಬದ ಗಿಡ. ಬೇರಿಗಿಂತ ಎಲೆಗಳಲ್ಲಿ ಆಮ್ಲ ಹೆಚ್ಚು. ಅದನ್ನು ಬಿಟ್ಟುಬಿಡುವಂತೆ ಕೇಳುವುದು ಲೇಸು.

ಉಳಿದ ಕೆಲವನ್ನು ಬೇಗ ಹೇಳಿ ಮುಗಿಸುತ್ತೇನೆ. ಮಾ ಹುವಾಂಗ್‌ನಲ್ಲಿ ಎಫೆಡ್ರಿನ್ ಇದೆ, ಮೂಗು ತೆರೆಯುತ್ತದೆ ನಿಜ, ರಕ್ತದೊತ್ತಡವನ್ನೂ ಹೃದಯದ ಬಡಿತವನ್ನೂ ಏರಿಸುತ್ತದೆ. 2004ರಲ್ಲಿ ಅಮೆರಿಕ ಎಫೆಡ್ರಿನ್ ಇರುವ ಪೂರಕಗಳನ್ನು ನಿಷೇಧಿಸಿತು. ಗಾನ್ ತ್ಸಾವ್ ಅಂದರೆ ಅತಿಮಧುರ, ಬಹಳ ದಿನ ಹೆಚ್ಚು ಪ್ರಮಾಣದಲ್ಲಿ ತೆಗೆದುಕೊಂಡರೆ ಪೊಟ್ಯಾಸಿಯಂ ಇಳಿದು ರಕ್ತದೊತ್ತಡ ಏರುತ್ತದೆ. ಹುವಾಂಗ್ ಚಿನ್ ಎಂಬ ಬೇರಿನಿಂದ ಅಪರೂಪಕ್ಕೆ ಯಕೃತ್ತಿಗೆ ಪೆಟ್ಟಾದ ವರದಿಗಳಿವೆ. ದಾನ್ ಶೆನ್, ದಾಂಗ್ ಗುಯ್ ಎರಡೂ ರಕ್ತ ತೆಳುವಾಗಿಸುವ ವಾರ್ಫರಿನ್ ಮಾತ್ರೆಯ ಜೊತೆ ಸೇರಿದರೆ ರಕ್ತಸ್ರಾವದ ಭಯ.

ಸಿದ್ಧ ಮಾತ್ರೆ ಕೊಳ್ಳುವುದಾದರೆ ಪೊಟ್ಟಣದ ಮೇಲೆ ಎಲ್ಲ ಘಟಕಗಳ ಪಟ್ಟಿ, ತಯಾರಕರ ವಿಳಾಸ, ಬ್ಯಾಚ್ ಸಂಖ್ಯೆ ಇರಲಿ. ಚೀನಾದಲ್ಲಿ ಅನುಮೋದನೆ ಪಡೆದ ಪಾರಂಪರಿಕ ಔಷಧಿಗಳ ಮೇಲೆ "ಗುವೊಯಾವ್ ಝುನ್‌ಝಿ" ಎಂಬ ಬರಹದ ಮುಂದೆ ಝಡ್ ಅಕ್ಷರ ಮತ್ತು ಎಂಟು ಅಂಕೆಗಳಿರುತ್ತವೆ. ಹಾಂಗ್‌ಕಾಂಗ್‌ನ ನೋಂದಣಿ ಸಂಖ್ಯೆ ಎಚ್‌ಕೆಸಿ ಅಥವಾ ಎಚ್‌ಕೆಪಿ ಎಂದು ಶುರುವಾಗುತ್ತದೆ. ಒಂದೆರಡು ದಿನದಲ್ಲೇ ಪವಾಡದಂತೆ ಮೂಗು ತೆರೆದರೆ ಸಂತೋಷಕ್ಕಿಂತ ಮೊದಲು ಅನುಮಾನ ಬರಲಿ. ಗಿಡಮೂಲಿಕೆ ಎಂದು ಮಾರುವ ಉತ್ಪನ್ನಗಳಲ್ಲಿ ಹೆಸರು ಹೇಳದೆ ಸ್ಟೀರಾಯ್ಡ್, ಅಲರ್ಜಿ ಮಾತ್ರೆಯ ಅಂಶ ಬೆರೆಸಿದ್ದನ್ನು ಹಲವು ದೇಶಗಳ ಔಷಧ ನಿಯಂತ್ರಕರು ಪತ್ತೆಹಚ್ಚಿದ್ದಾರೆ.

ಒಣ ಮೂಲಿಕೆ ಕೊಟ್ಟು ಮನೆಯಲ್ಲೇ ಕಷಾಯ ಮಾಡಿಕೊಳ್ಳಿ ಎಂದರೆ ಹೀಗೆ ಮಾಡಿ:

1. ಮಣ್ಣಿನ, ಗಾಜಿನ ಅಥವಾ ಸ್ಟೀಲಿನ ಪಾತ್ರೆ ತೆಗೆದುಕೊಳ್ಳಿ. ಕಬ್ಬಿಣ, ಅಲ್ಯುಮಿನಿಯಂ ಬೇಡ.
2. ಮ್ಯಾಗ್ನೋಲಿಯಾ ಮೊಗ್ಗುಗಳನ್ನು ತೆಳು ಬಟ್ಟೆಯಲ್ಲಿ ಗಂಟುಕಟ್ಟಿ. ಅವುಗಳ ಮೇಲಿನ ನವಿರು ರೋಮ ಕಷಾಯಕ್ಕೆ ಬಿದ್ದರೆ ಗಂಟಲು ಕೆರೆಯುತ್ತದೆ, ಕೆಮ್ಮು ಬರುತ್ತದೆ.
3. ಮೂಲಿಕೆ ಮುಳುಗಿ ಮೇಲೆ ಎರಡು ಬೆರಳಷ್ಟು ನಿಲ್ಲುವಂತೆ ನೀರು ಹಾಕಿ ಅರ್ಧ ಗಂಟೆ ನೆನೆಸಿ.
4. ಕುದಿ ಬಂದ ಮೇಲೆ ಉರಿ ತಗ್ಗಿಸಿ, ಮುಚ್ಚಳ ಮುಚ್ಚಿ, ವೈದ್ಯರು ಹೇಳಿದಷ್ಟು ಹೊತ್ತು ಇಡಿ. ಮೂಗಿನ ಯೋಗಗಳಲ್ಲಿ ಸುಗಂಧದ ಮೂಲಿಕೆಗಳೇ ಹೆಚ್ಚಾದ್ದರಿಂದ ಸಾಮಾನ್ಯವಾಗಿ 10ರಿಂದ 15 ನಿಮಿಷ ಸಾಕು.
5. ಬೋ ಹ ಎಲೆಯನ್ನು ಕೊನೆಯ ಐದು ನಿಮಿಷಕ್ಕೆ ಹಾಕಿ, ಮೊದಲೇ ಹಾಕಿದರೆ ಅದರ ಎಣ್ಣೆಯೆಲ್ಲ ಆವಿಯಾಗಿ ಹೋಗುತ್ತದೆ.
6. ಸೋಸಿಟ್ಟು, ಅದೇ ಮೂಲಿಕೆಗೆ ಮತ್ತೆ ನೀರು ಹಾಕಿ ಎರಡನೇ ಬಾರಿ ಕುದಿಸಿ. ಎರಡನ್ನೂ ಬೆರೆಸಿ, ಎರಡು ಪಾಲು ಮಾಡಿ ಊಟದ ನಂತರ ಕುಡಿಯಿರಿ.

ಕಷಾಯದ ಹಬೆಗೆ ಮುಖ ಕೊಡುವವರು ಪಾತ್ರೆಯನ್ನು ಮಡಿಲ ಮೇಲೆ ಇಟ್ಟುಕೊಳ್ಳಬೇಡಿ, ಮಗುಚಿ ಸುಟ್ಟುಕೊಂಡವರಿದ್ದಾರೆ. ಮೂಲಿಕೆಯ ಪುಡಿಯನ್ನು ಮೂಗಿಗೆ ಏರಿಸುವುದು, ಕಷಾಯದಿಂದಲೇ ಮೂಗು ತೊಳೆಯುವುದು ಬೇಡ. ಊದಿರುವ ಪದರ ಇನ್ನೂ ಕೆರಳುತ್ತದೆ.

ಶುರು ಮಾಡಿ ನಾಲ್ಕು ವಾರಕ್ಕೆ ಯಕೃತ್ತು, ಮೂತ್ರಪಿಂಡದ ರಕ್ತಪರೀಕ್ಷೆ ಮತ್ತೊಮ್ಮೆ ಮಾಡಿಸಿ, ಮೊದಲಿನದಕ್ಕೆ ಹೋಲಿಸಿ. ಕಣ್ಣು ಹಳದಿಯಾದರೆ, ಮೂತ್ರ ಗಾಢ ಬಣ್ಣಕ್ಕೆ ತಿರುಗಿದರೆ, ವಿಪರೀತ ವಾಂತಿ ಬಂದರೆ, ಮೈ ತುರಿಸಿ ದದ್ದು ಎದ್ದರೆ, ಉಸಿರು ಸಿಕ್ಕಿಕೊಂಡರೆ ಆ ಕ್ಷಣವೇ ನಿಲ್ಲಿಸಿ ಮೂಲಿಕೆ ಪೊಟ್ಟಣದ ಸಮೇತ ಆಸ್ಪತ್ರೆಗೆ ಹೋಗಿ. "ವಿಷ ಹೊರಗೆ ಬರುತ್ತಿದೆ, ಒಳ್ಳೆಯ ಲಕ್ಷಣ" ಎಂದು ಯಾರಾದರೂ ಸಮಾಧಾನ ಹೇಳಿದರೆ ಕೇಳಬೇಡಿ.

ಹಂತ 7: ಸೂಜಿ

ಮೂಲಿಕೆ ಅಥವಾ ಸೂಜಿ ಎರಡರಲ್ಲಿ ಒಂದನ್ನೇ ಮೊದಲು ಆರಿಸಿ ಎಂದರೆ ನಾನು ಸೂಜಿ ಎನ್ನುತ್ತೇನೆ. ನುರಿತ ಕೈಯಲ್ಲಿ ಅದರ ಅಪಾಯ ಕಡಿಮೆ, ನಿಲ್ಲಿಸಿದರೆ ಮೈಯಲ್ಲಿ ಏನೂ ಉಳಿಯುವುದಿಲ್ಲ.

ಮೂಗಿಗೆ ಬಳಸುವ ಮುಖ್ಯ ಬಿಂದು ಹೊಳ್ಳೆಯ ಪಕ್ಕದ ಗೆರೆಯಲ್ಲಿರುವ "ಯಿಂಗ್ ಶಿಯಾಂಗ್". ಹೆಸರಿನ ಅರ್ಥ "ಪರಿಮಳವನ್ನು ಎದುರುಗೊಳ್ಳುವುದು". ಜೊತೆಗೆ ಹುಬ್ಬುಗಳ ನಡುವಿನ ಯಿನ್ ತಾಂಗ್, ಹೆಬ್ಬೆರಳು-ತೋರುಬೆರಳ ನಡುವಿನ ಹೆ ಗು, ತಲೆಬುರುಡೆಯ ಬುಡದಲ್ಲಿ ಕುತ್ತಿಗೆಯ ಫೆಂಗ್ ಚಿ. ವಾರಕ್ಕೆ ಒಂದೆರಡು ಸಲ, ಒಂದು ಸಲಕ್ಕೆ 20ರಿಂದ 30 ನಿಮಿಷ ಸೂಜಿ ಇಡುವುದು ವಾಡಿಕೆ.

ಸೂಜಿ ಒಂದೇ ಬಾರಿ ಬಳಸಿ ಎಸೆಯುವಂಥದ್ದಾಗಿರಬೇಕು, ಪೊಟ್ಟಣ ನಿಮ್ಮ ಕಣ್ಣೆದುರೇ ಬಿಚ್ಚಬೇಕು. ಸಣ್ಣ ರಕ್ತದ ಚುಕ್ಕೆ, ಕಂದುಗಟ್ಟುವುದು ಮಾಮೂಲು. ಎದೆ, ಭುಜದ ಮೇಲ್ಭಾಗದಲ್ಲಿ ಆಳವಾಗಿ ಚುಚ್ಚಿದರೆ ಶ್ವಾಸಕೋಶಕ್ಕೆ ತೂತಾಗುವ ಅಪಾಯ ಅಪರೂಪವಾದರೂ ಇದೆ. ಮೂಗಿನ ತೊಂದರೆಗೆ ಅಲ್ಲಿ ಯಾಕೆ ಎಂದು ಕೇಳುವ ಹಕ್ಕು ನಿಮಗಿದೆ. ಗರ್ಭಿಣಿಯರಿಗೆ ಹೆ ಗು ಬಿಂದುವನ್ನು ಪರಂಪರೆಯೇ ಬೇಡವೆನ್ನುತ್ತದೆ. ಪೇಸ್‌ಮೇಕರ್ ಇದ್ದವರು ವಿದ್ಯುತ್ ಹಾಯಿಸುವ ಸೂಜಿ ಒಪ್ಪಬೇಡಿ. ಯಿಂಗ್ ಶಿಯಾಂಗನ್ನು ಬೆರಳಿನಿಂದ ಒಂದೆರಡು ನಿಮಿಷ ನೀವೇ ಒತ್ತಿಕೊಳ್ಳಬಹುದು, ಕೈ ತೊಳೆದಿರಲಿ, ಅಲ್ಲಿ ಮೊಡವೆ ಅಥವಾ ಕೀವು ಇದ್ದರೆ ಮುಟ್ಟಬೇಡಿ.

ಹಂತ 8: ಎಂಟು ವಾರಕ್ಕೆ ಲೆಕ್ಕ ನೋಡಿ

ಒಂದು ಬಾರಿಗೆ ಒಂದೇ ಹೊಸ ಬದಲಾವಣೆ. ಸೂಜಿ, ಕಷಾಯ, ಹೊಸ ಸ್ಪ್ರೇ ಮೂರನ್ನೂ ಒಂದೇ ವಾರ ಶುರು ಮಾಡಿದರೆ ಗುಣವಾದರೂ ಯಾವುದರಿಂದ ಎಂದು ತಿಳಿಯದು, ಅಡ್ಡಪರಿಣಾಮವಾದರೂ ತಿಳಿಯದು.

ಎಂಟನೇ ವಾರದ ಕೊನೆಗೆ ಕೊನೆಯ 14 ದಿನಗಳ ಸರಾಸರಿ ಅಂಕವನ್ನು ಶುರುವಿನ 14 ದಿನಗಳ ಸರಾಸರಿಯ ಪಕ್ಕ ಇಟ್ಟು ನೋಡಿ. ಎರಡು ಅಂಕವೂ ಇಳಿಯದಿದ್ದರೆ ನಿಲ್ಲಿಸಿ. "ಇನ್ನೊಂದು ತಿಂಗಳು ನೋಡೋಣ" ಎಂದು ವೈದ್ಯರು ಹೇಳಬಹುದು, ಆದರೆ ಗಡುವು ಹಾಕಿದವರು ನೀವು. ಚೆನ್ನಾಗಿ ಇಳಿದಿದ್ದರೆ ಎರಡು ವಾರ ಬಿಡುವು ಕೊಟ್ಟು ನೋಡಿ. ಇಳಿದದ್ದು ಹಾಗೇ ಉಳಿದರೆ ಔಷಧಿ ಮುಂದುವರಿಸುವ ಅಗತ್ಯವಿಲ್ಲ. ಮತ್ತೆ ಏರಿದರೆ ಸೂಜಿಯನ್ನು ಮುಂದುವರಿಸುವುದು ನಿಮಗೆ ಬಿಟ್ಟದ್ದು. ಮೂಲಿಕೆಯಾದರೆ ರಕ್ತಪರೀಕ್ಷೆ ನೋಡಿಕೊಂಡು, ಮುಳ್ಳುಕಾಯಿ ಇಲ್ಲದ ಯೋಗವಾದರೆ ಮಾತ್ರ. ವಾಸನೆ ಮರಳದಿದ್ದರೆ, ಪಾಲಿಪ್ ಬೆಳೆದಿದ್ದರೆ, ಅಂಕ 7ರ ಮೇಲೇ ನಿಂತಿದ್ದರೆ ಇಎನ್‌ಟಿ ತಜ್ಞರ ಬಳಿ ಶಸ್ತ್ರಚಿಕಿತ್ಸೆಯ ಬಗ್ಗೆ ಮಾತಾಡುವ ಕಾಲ ಬಂದಿದೆ. ಪಾಲಿಪ್ ಇರುವವರಿಗೆ ಈಗ ಚುಚ್ಚುಮದ್ದಿನ ಹೊಸ ಔಷಧಿಗಳೂ ಇವೆ, ಡುಪಿಲುಮಾಬ್ ಎಂಬುದಕ್ಕೆ ಅಮೆರಿಕದಲ್ಲಿ 2019ರಲ್ಲಿ ಇದಕ್ಕಾಗಿಯೇ ಅನುಮತಿ ಸಿಕ್ಕಿತು.

ಯಾವುದೇ ಶಸ್ತ್ರಚಿಕಿತ್ಸೆಗೆ ದಿನ ಗೊತ್ತಾದರೆ ಕನಿಷ್ಠ ಎರಡು ವಾರ ಮೊದಲೇ ಎಲ್ಲ ಮೂಲಿಕೆ ನಿಲ್ಲಿಸಿ, ಏನೇನು ತೆಗೆದುಕೊಳ್ಳುತ್ತಿದ್ದಿರಿ ಎಂಬ ಪಟ್ಟಿಯನ್ನು ಅರಿವಳಿಕೆ ವೈದ್ಯರ ಕೈಗೆ ಕೊಡಿ. ಮಿಕ್ಕ ಪುಡಿ, ಗುಳಿಗೆಗಳನ್ನು ಮೂಗು ಕಟ್ಟಿದ ಮತ್ತೊಬ್ಬರಿಗೆ ದಾಟಿಸಬೇಡಿ. ಅವು ನಿಮ್ಮ ನಾಡಿ ಹಿಡಿದು ಕೊಟ್ಟವು.